ಅಟ್ಟದ ಮೇಲಿನ ಆಸ್ಪತ್ರೆ: ಲಂಡನ್ನಿನ ಓಲ್ಡ್ ಆಪರೇಟಿಂಗ್ ಥಿಯೇಟರ್ ನೋಡಲು ಒಂದು ಸಮಗ್ರ ಮಾರ್ಗದರ್ಶಿ

ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ಹೊರಬಿದ್ದು ಸೇಂಟ್ ಥಾಮಸ್ ಸ್ಟ್ರೀಟಿಗೆ ಬಂದವರ ಕಣ್ಣು ಸಹಜವಾಗಿಯೇ 300 ಮೀಟರಿಗೂ ಎತ್ತರದ ಶಾರ್ಡ್ ಗೋಪುರದತ್ತ ಹೋಗುತ್ತದೆ. ಅದರಿಂದ ಕೂಗಳತೆಯ ದೂರದಲ್ಲಿ ಇಟ್ಟಿಗೆಯ ಹಳೆಯ ಚರ್ಚೊಂದಿದೆ. ಅದರ ಅಟ್ಟದಲ್ಲಿ, ಸೂರಿನ ತೊಲೆಗಳ ಕೆಳಗೆ, 1822ರಲ್ಲಿ ಕಟ್ಟಿದ ಶಸ್ತ್ರಚಿಕಿತ್ಸಾ ಕೊಠಡಿ ಇದೆ. ಯುರೋಪಿನಲ್ಲಿ ಉಳಿದಿರುವ ಇಂಥ ಕೊಠಡಿಗಳಲ್ಲಿ ಅತ್ಯಂತ ಹಳೆಯದು ಇದೆಂದು ಹೆಸರಾಗಿದೆ. ಅದಕ್ಕೆ ಅಂಟಿಕೊಂಡೇ, ಆಗ ಚರ್ಚಿನ ಪಕ್ಕದಲ್ಲಿದ್ದ ಸೇಂಟ್ ಥಾಮಸ್ ಆಸ್ಪತ್ರೆಯ ಔಷಧಿಕಾರ ಗಿಡಮೂಲಿಕೆಗಳನ್ನು ಒಣಗಿಸಿ ಇಡುತ್ತಿದ್ದ ಅಟ್ಟವೂ ಇದೆ. ಸಂಗ್ರಹಾಲಯದ ಪೂರ್ತಿ ಹೆಸರಿನಲ್ಲಿ ಎರಡೂ ಸೇರಿವೆ: ಓಲ್ಡ್ ಆಪರೇಟಿಂಗ್ ಥಿಯೇಟರ್ ಮ್ಯೂಸಿಯಂ ಅಂಡ್ ಹರ್ಬ್ ಗ್ಯಾರೆಟ್.

ನಾನು ಮೊದಲ ಸಲ ಹೋದಾಗ ಮೂಲಿಕೆಗಳ ಮುಂದೆ ನಿಲ್ಲದೆ ನೇರವಾಗಿ ಗರಗಸಗಳ ಬಳಿಗೆ ನಡೆದೆ. ಮೈ ಜುಮ್ಮೆಂದಿತು, ಅರ್ಧ ಗಂಟೆಯಲ್ಲಿ ಇಳಿದು ಬಂದೆ. ಎರಡನೆಯ ಭೇಟಿಯಲ್ಲಷ್ಟೇ ಈ ಎರಡು ಜಾಗಗಳು ಒಂದೇ ಕತೆಯ ಎರಡು ಭಾಗಗಳೆಂದು ಅರ್ಥವಾಯಿತು. ನೋವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಒಂದು ಕಡೆ ಗಿಡಗಳಿವೆ, ಇನ್ನೊಂದು ಕಡೆ ಚಾಕುವಿದೆ. ಇಲ್ಲಿ ಹೇಳುವ ಕ್ರಮ ಆ ಎರಡನೆಯ ಭೇಟಿಯಿಂದ ಹುಟ್ಟಿದ್ದು.

ಹಂತ 1: ಹೋಗುವ ಮುನ್ನ ನಾಲ್ಕು ಇಸವಿಗಳನ್ನು ಮನಸ್ಸಿಗೆ ತಂದುಕೊಳ್ಳಿ

ಟಿಕೆಟ್ಟಿಗಿಂತ ಮೊದಲು ಇದನ್ನು ಹೇಳುತ್ತೇನೆ. ಈ ಇಸವಿಗಳು ತಿಳಿದಿಲ್ಲದಿದ್ದರೆ ಆ ಕೊಠಡಿ ಮರದ ಮೇಜು ಇರುವ ಒಂದು ಹಳೆಯ ಕೋಣೆಯಷ್ಟೇ ಆಗಿ ಕಾಣುತ್ತದೆ.

1822: ಆಸ್ಪತ್ರೆಯ ಹೆಂಗಸರ ಶಸ್ತ್ರಚಿಕಿತ್ಸೆಗೆಂದು ಈ ಕೊಠಡಿ ಕಟ್ಟಿದ ವರ್ಷ. ಅದಕ್ಕೂ ಮುನ್ನ ಇಲ್ಲಿನ ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದು ವಾರ್ಡಿನಲ್ಲಿಯೇ, ಉಳಿದ ರೋಗಿಗಳ ಎದುರಿನಲ್ಲಿ. ಮುಂದಿನ ಸರದಿ ತನ್ನದೇ ಎಂದು ತಿಳಿದ ಹೆಂಗಸೊಬ್ಬಳು ಪಕ್ಕದ ಹಾಸಿಗೆಯಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಗಿತ್ತು.

1846: ಅರಿವಳಿಕೆಯಾಗಿ ಈಥರ್ ಬಂದ ವರ್ಷ. ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಆವಿ ಕೊಟ್ಟು ರೋಗಿಯನ್ನು ಮಲಗಿಸಿ ತೋರಿಸಿದ. ಡಿಸೆಂಬರ್ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ರಾಬರ್ಟ್ ಲಿಸ್ಟನ್ ಅದೇ ಈಥರಿನ ನೆರವಿನಿಂದ ಒಬ್ಬನ ತೊಡೆಯಿಂದ ಕಾಲನ್ನು ಕತ್ತರಿಸಿದ.

1862: ಈ ಕೊಠಡಿ ಮುಚ್ಚಿದ ವರ್ಷ. ರೈಲು ಮಾರ್ಗಕ್ಕಾಗಿ ಜಾಗ ಬಿಟ್ಟುಕೊಟ್ಟು ಸೇಂಟ್ ಥಾಮಸ್ ಆಸ್ಪತ್ರೆ ಇಲ್ಲಿಂದ ಎದ್ದು ಹೋಯಿತು. 1860ರಲ್ಲಿ ತನ್ನ ದಾದಿಯರ ಶಾಲೆಯನ್ನು ಇದೇ ಆಸ್ಪತ್ರೆಯಲ್ಲಿ ಆರಂಭಿಸಿದ್ದ ಫ್ಲಾರೆನ್ಸ್ ನೈಟಿಂಗೇಲ್ ಈ ಸ್ಥಳಾಂತರದ ಪರವಾಗಿದ್ದಳು. ಹೊಸ ಕಟ್ಟಡ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿ, 1871ರಲ್ಲಿ ತೆರೆಯಿತು.

1867: ಜೋಸೆಫ್ ಲಿಸ್ಟರ್ ಗಾಯವನ್ನು ಕಾರ್ಬಾಲಿಕ್ ಆಮ್ಲದಿಂದ ತೊಳೆದು ನಂಜನ್ನು ತಡೆಯುವ ತನ್ನ ವಿಧಾನವನ್ನು ಪ್ರಕಟಿಸಿದ ವರ್ಷ.

ಈಗ ಲೆಕ್ಕ ಹಾಕಿ. ಈ ಕೊಠಡಿ ನಡೆದದ್ದು 40 ವರ್ಷ. ಮೊದಲ 24 ವರ್ಷ ಅರಿವಳಿಕೆ ಇರಲಿಲ್ಲ. ಆಮೇಲಿನ 16 ವರ್ಷ ಅರಿವಳಿಕೆ ಇತ್ತು, ಆದರೆ ನಂಜು ತಡೆಯುವ ಉಪಾಯ ಇಲ್ಲಿ ಬಳಕೆಗೆ ಬಂದಿರಲಿಲ್ಲ. ನಂಜುನಿರೋಧಕ ಬಂದಾಗ ಈ ಬಾಗಿಲು ಮುಚ್ಚಿ 5 ವರ್ಷವಾಗಿತ್ತು. ಈ ಮೇಜಿನ ಮೇಲೆ ಮಲಗಿದ ಯಾವ ಹೆಂಗಸಿಗೂ ತೊಳೆದ ಕೈಯ, ಕುದಿಸಿದ ಚಾಕುವಿನ ಭಾಗ್ಯ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತಿದರೆ ಸಾಕು, ಅರ್ಧ ಕೆಲಸ ಆದಂತೆ.

ಹಂತ 2: ದಿನ, ಟಿಕೆಟ್, ಚೀಲ

ಇದು ಪುಟ್ಟ ಸಂಗ್ರಹಾಲಯ, ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ದಿನ, ವೇಳೆ, ಶುಲ್ಕ ನೋಡಿಕೊಂಡು ಆನ್‌ಲೈನ್‌ನಲ್ಲೇ ಟಿಕೆಟ್ ಪಡೆಯಿರಿ. ಲಂಡನ್ನಿನ ದೊಡ್ಡ ಸಂಗ್ರಹಾಲಯಗಳಂತೆ ಇಲ್ಲಿ ಪ್ರವೇಶ ಉಚಿತವಲ್ಲ. ಶಸ್ತ್ರಚಿಕಿತ್ಸೆಯ ಇತಿಹಾಸ ಕುರಿತು ಉಪನ್ಯಾಸ, ಪ್ರಾತ್ಯಕ್ಷಿಕೆಗಳು ನಡೆಯುತ್ತಿರುತ್ತವೆ; ನಿಮ್ಮ ದಿನಕ್ಕೆ ಅಂಥದ್ದೊಂದು ಕೂಡಿಬಂದರೆ ಬಿಡಬೇಡಿ. ಅದೇ ಕೊಠಡಿಯ ಮೆಟ್ಟಿಲುಗಳ ಮೇಲೆ ನಿಂತು ಕೇಳುವ ಮಾತಿಗೆ ಬೇರೆಯೇ ತೂಕವಿದೆ.

ಚರ್ಚಿನ ಗೋಪುರದೊಳಗಿನ 52 ಮೆಟ್ಟಿಲುಗಳ ಸುರುಳಿ ಏಣಿಯೇ ದಾರಿ. ಅದು ಇಕ್ಕಟ್ಟಾಗಿದೆ, ಕಡಿದಾಗಿದೆ; ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕಾಯಬೇಕು. ಮಂಡಿನೋವಿರುವವರು, ತಲೆಸುತ್ತು ಬರುವವರು, ಗಾಲಿಕುರ್ಚಿ ಬಳಸುವವರು ಮೊದಲೇ ಸಂಗ್ರಹಾಲಯದವರೊಂದಿಗೆ ಮಾತನಾಡಿ, ತಮಗೆ ಯಾವ ಅನುಕೂಲ ಸಾಧ್ಯ ಎಂದು ಕೇಳಿ. ಪ್ರಯಾಣದ ಪೆಟ್ಟಿಗೆ ಹಿಡಿದು ಬರಲೇಬೇಡಿ. ಹಿಡಿತವಿರುವ ಅಡಿಯ ಬೂಟು ಹಾಕಿಕೊಳ್ಳಿ. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ.

ಹಂತ 3: ಒಳಗೆ ಹೋಗುವ ಮೊದಲು ಬೀದಿಯನ್ನು ನೋಡಿ

ಚರ್ಚಿನ ಎದುರು ಬದಿಗಿರುವುದು ಗೈಸ್ ಆಸ್ಪತ್ರೆ. ಥಾಮಸ್ ಗೈ ಎಂಬ ಪುಸ್ತಕ ವ್ಯಾಪಾರಿ 1721ರಲ್ಲಿ ಸ್ಥಾಪಿಸಿದ ಈ ಆಸ್ಪತ್ರೆ ಮತ್ತು ಅಂದು ಈ ಬದಿಯಲ್ಲಿದ್ದ ಸೇಂಟ್ ಥಾಮಸ್ ಒಂದೇ ಬೀದಿಯ ಎರಡು ಮಗ್ಗುಲುಗಳಂತೆ ಬೆಳೆದವು. ವಿದ್ಯಾರ್ಥಿಗಳು ಅತ್ತಿಂದಿತ್ತ ಓಡಾಡುತ್ತಿದ್ದರು. ಕವಿ ಜಾನ್ ಕೀಟ್ಸ್ ಅವರಲ್ಲೊಬ್ಬ. 1815ರ ಅಕ್ಟೋಬರಿನಲ್ಲಿ ಗೈಸ್ ಸೇರಿದ, ಇದೇ ಬೀದಿಯಲ್ಲಿ ಬಾಡಿಗೆಗಿದ್ದ, ಶಸ್ತ್ರವೈದ್ಯರ ಜೊತೆ ಗಾಯ ಕಟ್ಟುವ ಸಹಾಯಕನಾಗಿ ಕೆಲಸ ಮಾಡಿದ, 1816ರ ಜುಲೈನಲ್ಲಿ ಔಷಧಿಕಾರನ ಪರೀಕ್ಷೆಯನ್ನೂ ಪಾಸು ಮಾಡಿದ. ಆಮೇಲೆ ವೈದ್ಯಕೀಯವನ್ನೇ ಬಿಟ್ಟು ಕಾವ್ಯಕ್ಕೆ ಹೋದ. ಗೈಸ್‌ನ ಒಳ ಅಂಗಳದಲ್ಲಿ ಹಳೆಯ ಲಂಡನ್ ಸೇತುವೆಯಿಂದ ತಂದಿಟ್ಟ ಕಲ್ಲಿನ ಗೂಡಿನಲ್ಲಿ ಅವನ ಕಂಚಿನ ಪ್ರತಿಮೆ ಕುಳಿತಿದೆ. ಪ್ರತಿಮೆಯ ಪಕ್ಕ ನಿಮಗೂ ಕುಳಿತುಕೊಳ್ಳಲು ಜಾಗವಿದೆ. ಮೇಲಿನ ಕೊಠಡಿ ಕಟ್ಟುವ ಹೊತ್ತಿಗೆ ಕೀಟ್ಸ್ ತೀರಿಕೊಂಡಿದ್ದ. ಆದರೆ ಅವನು ಕಂಡ ಶಸ್ತ್ರಚಿಕಿತ್ಸೆ ಇದಕ್ಕಿಂತ ಬೇರೆಯಾಗಿರಲಿಲ್ಲ.

ಹಂತ 4: ಏಣಿ ಹತ್ತುವಾಗ

ಈ ಮೆಟ್ಟಿಲುಗಳ ಮೇಲೆ ರೋಗಿಗಳು ಬರುತ್ತಿರಲಿಲ್ಲ. ಆಗ ಚರ್ಚಿಗೆ ಒತ್ತಿಕೊಂಡೇ ಹೆಂಗಸರ ವಾರ್ಡ್ ಇತ್ತು. ಅದರ ಮಹಡಿಯೂ ಚರ್ಚಿನ ಅಟ್ಟವೂ ಒಂದೇ ಮಟ್ಟದಲ್ಲಿದ್ದವು. ರೋಗಿಯನ್ನು ಮೆಟ್ಟಿಲು ಹತ್ತಿಸದೆ ನೇರವಾಗಿ ಒಳಗೆ ತರಬಹುದಾಗಿತ್ತು. ಅಟ್ಟವನ್ನೇ ಏಕೆ ಆರಿಸಿದರು ಎಂಬುದಕ್ಕೆ ಇದೊಂದು ಉತ್ತರ. ಇನ್ನೊಂದು, ಮಾಡಿನಲ್ಲಿ ಗಾಜು ಹಾಕಿಸಿ ಆಕಾಶದ ಬೆಳಕನ್ನು ನೇರವಾಗಿ ಮೇಜಿನ ಮೇಲೆ ಬೀಳಿಸಬಹುದಾಗಿತ್ತು. ಮೂರನೆಯದು, ಕಿರುಚಾಟ ವಾರ್ಡಿಗೆ ಅಷ್ಟಾಗಿ ಕೇಳಿಸದು.

ಆಸ್ಪತ್ರೆ ಹೋದ ಮೇಲೆ ವಾರ್ಡೂ ಉಳಿಯಲಿಲ್ಲ, ಅಟ್ಟದ ದಾರಿಯೂ ಮುಚ್ಚಿತು. ಸುಮಾರು ಒಂದು ಶತಮಾನ ಕಾಲ ಈ ಕೊಠಡಿ ದೂಳು ಹೊದ್ದು ಮಲಗಿತ್ತು. 1956ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಇತಿಹಾಸ ಹುಡುಕುತ್ತಿದ್ದ ರೇಮಂಡ್ ರಸೆಲ್ ಏಣಿ ಹಾಕಿಸಿ ಅಟ್ಟ ಹತ್ತಿ ಅದನ್ನು ಕಂಡುಹಿಡಿದರು. 1962ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಚ್ಚಿ ಸರಿಯಾಗಿ 100 ವರ್ಷಕ್ಕೆ.

ಹಂತ 5: ಮೂಲಿಕೆ ಅಟ್ಟದಲ್ಲಿ ಮೊದಲು ಮೂಗಿಗೆ ಕೆಲಸ ಕೊಡಿ

ಮೇಲೆ ಬಂದ ಕೂಡಲೇ ಕೊಠಡಿಯತ್ತ ಓಡುವ ಆಸೆಯಾಗುತ್ತದೆ. ತಡೆದುಕೊಳ್ಳಿ. ತೊಲೆಗಳ ಕೆಳಗೆ ಒಂದು ನಿಮಿಷ ಸುಮ್ಮನೆ ನಿಂತು ಉಸಿರೆಳೆದುಕೊಳ್ಳಿ. ಒಣಗಿದ ಸೊಪ್ಪು, ಬೇರು, ಹಳೆಯ ಮರ ಎಲ್ಲ ಕಲೆತ ವಾಸನೆ. ಅಟ್ಟ ಎಂದರೆ ಬೆಚ್ಚಗಿನ, ಒಣ ಜಾಗ. ಇಲಿ, ತೇವದ ಕಾಟ ಕಡಿಮೆ. ಮೂಲಿಕೆ ಒಣಹಾಕಲು ಹೇಳಿ ಮಾಡಿಸಿದಂತಿರುತ್ತದೆ. ಚರ್ಚು ಕಟ್ಟಿದ್ದು 1703ರ ಆಸುಪಾಸಿನಲ್ಲಿ. ಅಟ್ಟವನ್ನು ಆಸ್ಪತ್ರೆಯ ಔಷಧಿಕಾರ ಇದಕ್ಕೇ ಬಳಸಿಕೊಂಡ.

ಅಂದಿನ ವೈದ್ಯಕೀಯದಲ್ಲಿ ಮೂರು ಕಸುಬುಗಳಿದ್ದವು. ಫಿಸಿಷಿಯನ್ ನಾಡಿ ನೋಡಿ ಔಷಧಿ ಬರೆಯುತ್ತಿದ್ದ, ಸರ್ಜನ್ ಕೊಯ್ಯುತ್ತಿದ್ದ, ಅಪೊತಿಕರಿ ಎಂಬ ಔಷಧಿಕಾರ ಕುಟ್ಟಿ, ಬೇಯಿಸಿ, ಬಟ್ಟಿ ಇಳಿಸಿ ಔಷಧಿ ತಯಾರಿಸುತ್ತಿದ್ದ. ಇಲ್ಲಿರುವ ಕುಟ್ಟಾಣಿ, ಒರಳು, ತಕ್ಕಡಿ, ಗುಳಿಗೆ ಉರುಳಿಸುವ ಹಲಗೆಗಳೆಲ್ಲ ಮೂರನೆಯವನ ಸರಂಜಾಮು. ಕಷಾಯ, ಅರ್ಕ, ಲೇಹ್ಯ ಕಂಡು ಬೆಳೆದವರಿಗೆ ಇವುಗಳ ಬಳಕೆಯನ್ನು ಯಾರೂ ವಿವರಿಸಬೇಕಿಲ್ಲ.

ಎಲ್ಲ ಮೂಲಿಕೆಗಳನ್ನೂ ಓದುತ್ತ ಹೋದರೆ ತಲೆ ತುಂಬಿಹೋಗುತ್ತದೆ. ಮೂರನ್ನು ಹುಡುಕಿ.

ಒಂದು, ವಿಲೋ ಮರದ ತೊಗಟೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಇದು ಚಳಿಜ್ವರಕ್ಕೆ ಒಳ್ಳೆಯದೆಂದು ರಾಯಲ್ ಸೊಸೈಟಿಗೆ ಬರೆದ. ಅದರ ಸತ್ವದ ಜಾಡು ಹಿಡಿದು ಹೋದವರು 1897ರಲ್ಲಿ ಆಸ್ಪಿರಿನ್ ತಲುಪಿದರು.

ಎರಡು, ಫಾಕ್ಸ್‌ಗ್ಲವ್. ನೀಲಿಗೆಂಪು ಗಂಟೆಯಂಥ ಹೂವಿನ ಗಿಡ, ಇದರ ಎಲೆ ವಿಷ. ಮೈ ಊದಿಕೊಂಡ ರೋಗಿಗಳಿಗೆ ಹಳ್ಳಿಯ ಹೆಂಗಸೊಬ್ಬಳು ಕೊಡುತ್ತಿದ್ದ ಕಷಾಯದಿಂದ ಇದನ್ನು ಗುರುತಿಸಿ, ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಎಂದು ವರ್ಷಗಟ್ಟಲೆ ಅಳೆದು 1785ರಲ್ಲಿ ಪ್ರಕಟಿಸಿದವನು ವಿಲಿಯಂ ವಿದರಿಂಗ್. ಇದರಿಂದ ಬಂದ ಡಿಜಿಟಾಲಿಸ್ ಔಷಧಿಗಳು ಹೃದ್ರೋಗಕ್ಕೆ ಇಂದಿಗೂ ಬಳಕೆಯಲ್ಲಿವೆ.

ಮೂರನೆಯದು ಅಫೀಮಿನ ಕಾಯಿ. ಅಟ್ಟವನ್ನು ದುರಸ್ತಿ ಮಾಡುವಾಗ ತೊಲೆಗಳ ಸಂದಿಯಲ್ಲಿ ಒಣಗಿದ ಅಫೀಮು ಕಾಯಿಗಳು ಸಿಕ್ಕವು. ಇಡೀ ಸಂಗ್ರಹಾಲಯದಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ ಇದು. ನಮ್ಮ ಅಡುಗೆಮನೆಯ ಗಸಗಸೆ ಇದೇ ಗಿಡದ ಬೀಜ. ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲು ಹೆಪ್ಪುಗಟ್ಟಿ ಅಫೀಮಾಗುತ್ತದೆ. ಅದನ್ನು ಮದ್ಯದಲ್ಲಿ ಕರಗಿಸಿದರೆ ಲಾಡನಮ್. ಆ ಕಾಲದಲ್ಲಿ ನೋವಿಗೆ ಇದ್ದ ನಿಜವಾದ ಮದ್ದು ಇದೊಂದೇ. ಇದು ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಿ, ಮತ್ತೆ ಬರಬೇಕು.

ಎಲ್ಲವೂ ಇಷ್ಟು ಪ್ರಯೋಜನಕಾರಿಯಾಗಿರಲಿಲ್ಲ. ಈ ಆಸ್ಪತ್ರೆಯ ವೈದ್ಯನಾಗಿದ್ದ ರಿಚರ್ಡ್ ಮೀಡ್‌ನ ಹೆಸರಿನಲ್ಲಿ ಬಸವನಹುಳುವಿನ ಅರ್ಕದ ಪಾಕವಿಧಾನವಿದೆ: ಬಸವನಹುಳು, ಎರೆಹುಳುಗಳನ್ನು ಮೂಲಿಕೆಗಳ ಜೊತೆ ಸೇರಿಸಿ ಬಟ್ಟಿ ಇಳಿಸುವುದು. ಜಿಗಣೆ, ರಕ್ತ ತೆಗೆಯುವ ಬಟ್ಟಲು ಮುಂತಾದವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ಹಂತ 6: ಕೊಠಡಿಯನ್ನು ಎರಡು ಕಡೆಯಿಂದ ನೋಡಿ

ಮೊದಲು ಮೇಲಿನ ಸಾಲಿಗೆ ಹತ್ತಿ. ಮೇಜಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ, ಒಂದರ ಮೇಲೊಂದು ಏರಿಹೋಗುವ ಮರದ ಕಟ್ಟೆಗಳಿವೆ. ಕುಳಿತುಕೊಳ್ಳಲು ಬೆಂಚಿಲ್ಲ, ಒರಗಿಕೊಳ್ಳಲು ಅಡ್ಡಪಟ್ಟಿಯಷ್ಟೇ. ಇದನ್ನು ‘ಥಿಯೇಟರ್’ ಎಂದು ಕರೆಯಲು ಈ ಕಟ್ಟೆಗಳೇ ಕಾರಣ. 1815ರ ಕಾಯಿದೆಯೊಂದು ಔಷಧಿಕಾರನಾಗಬೇಕಾದವರೆಲ್ಲ ಆಸ್ಪತ್ರೆಯಲ್ಲಿ ಕಲಿತಿರಲೇಬೇಕೆಂದು ವಿಧಿಸಿತು. ಅದರ ಬೆನ್ನಲ್ಲೇ ವಿದ್ಯಾರ್ಥಿಗಳ ನೂಕುನುಗ್ಗಲು ಶುರುವಾಯಿತು. ಮುಂದಿನವರ ತಲೆ ಅಡ್ಡ ಬಂದರೆ ಹಿಂದಿನವರು ಕೂಗಾಡುತ್ತಿದ್ದರು.

ಆಮೇಲೆ ಕೆಳಗಿಳಿದು, ಬಿಟ್ಟರೆ ಮೇಜಿನ ಬಳಿಯೇ ನಿಂತು, ತಲೆಯೆತ್ತಿ ನೋಡಿ. ಮೇಲೆ ಗಾಜಿನ ಮಾಡು, ಸುತ್ತಲೂ ಕಟ್ಟೆಗಳು. ಆ ಹೆಂಗಸಿಗೆ ಕಂಡಿದ್ದು ಇದು. ಮೇಲಿನ ಸಾಲಿನಿಂದ ನೋಡಿ ಹೊರಟುಬಿಡುವವರೇ ಹೆಚ್ಚು. ಅದು ವಿದ್ಯಾರ್ಥಿಯ ನೋಟ. ಕೆಳಗಿನಿಂದ ನೋಡದೆ ಈ ಭೇಟಿ ಪೂರ್ತಿಯಾಗುವುದಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಇಲ್ಲಿಗೆ ಬರುತ್ತಿದ್ದವರು ಬಡವರು. ಹಣವಂತರಿಗೆ ಅವರವರ ಮನೆಯಲ್ಲೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಗೋಡೆಯ ಮೇಲೆ ‘ಮಿಸೆರಾತಿಯೋನೆ ನಾನ್ ಮೆರ್ಸೆಡೆ’ ಎಂಬ ಲ್ಯಾಟಿನ್ ಮಾತಿದೆ: ಹಣಕ್ಕಾಗಿ ಅಲ್ಲ, ಕರುಣೆಯಿಂದ. ಶುಲ್ಕವಿಲ್ಲದ ಈ ಚಿಕಿತ್ಸೆಗೆ ಬದಲಾಗಿ ಬಡ ಹೆಂಗಸು ನೂರಾರು ಕಣ್ಣುಗಳೆದುರು ಮಲಗಬೇಕಾಗಿತ್ತು ಎಂಬುದನ್ನು ಗೋಡೆ ಹೇಳುವುದಿಲ್ಲ.

ಮೇಜಿನ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆ ನೋಡಿ, ರಕ್ತ ಹೀರಲು. ನೆಲದಡಿಯಲ್ಲೂ ಹೊಟ್ಟು ತುಂಬಿಸಿದ್ದರು, ಕೆಳಗೆ ಪ್ರಾರ್ಥನೆ ನಡೆಯುವ ಚರ್ಚಿಗೆ ರಕ್ತ ಸೋರದಿರಲೆಂದು.

ಹೊಟ್ಟೆ, ಎದೆಯನ್ನು ತೆರೆಯುವ ಧೈರ್ಯ ಆಗಿನವರಿಗೆ ಇರಲಿಲ್ಲ. ಕೈಕಾಲು ಕತ್ತರಿಸುವುದು, ಗಡ್ಡೆ ತೆಗೆಯುವುದು, ಮೂತ್ರಕೋಶದ ಕಲ್ಲು ಹೊರತೆಗೆಯುವುದು, ತಲೆಬುರುಡೆಗೆ ರಂಧ್ರ ಕೊರೆಯುವುದು ಇವೇ ಮುಖ್ಯ. ಅರಿವಳಿಕೆ ಇಲ್ಲದ ಕಾಲದಲ್ಲಿ ವೇಗವೇ ದಯೆ. ಇದೇ ಆಸ್ಪತ್ರೆಯ ಹಿಂದಿನ ಶತಮಾನದ ಸರ್ಜನ್ ವಿಲಿಯಂ ಚೆಸೆಲ್ಡನ್ ಮೂತ್ರಕೋಶದ ಕಲ್ಲನ್ನು ಸುಮಾರು ಒಂದು ನಿಮಿಷದಲ್ಲಿ ತೆಗೆಯುತ್ತಿದ್ದನೆಂದು ಹೆಸರಾಗಿದ್ದ. ನಿಂತಲ್ಲೇ ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ಸಣ್ಣದೆನಿಸುವ ಆ ಕಾಲ ಎಷ್ಟು ಉದ್ದವೆಂದು ಗೊತ್ತಾಗುತ್ತದೆ.

ಕನ್ನಡದವರಿಗೆ ಇಲ್ಲಿ ನೆನಪಿಗೆ ಬರಬೇಕಾದ ಇನ್ನೊಂದು ಎಳೆಯಿದೆ. ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು 1792ರಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ ಭಾರತೀಯ ಕುಶಲಿಯ ಕೆಲಸದ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಅಭ್ಯಾಸ ಮಾಡಿದ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿದ. ಅದೂ ಅರಿವಳಿಕೆ ಇಲ್ಲದೆ. ಇದು ಈ ಕೊಠಡಿಯಲ್ಲಿ ನಡೆದದ್ದಲ್ಲ, ಆದರೆ ಇದೇ ಊರಿನಲ್ಲಿ, ಇದೇ ಕಾಲದಲ್ಲಿ.

ಹಂತ 7: ಉಪಕರಣಗಳ ಹಿಡಿಯನ್ನು ನೋಡಿ, ಅಲಗನ್ನಲ್ಲ

ಗಾಜಿನ ಪೆಟ್ಟಿಗೆಗಳ ಮುಂದೆ ಎಲ್ಲರ ಕಣ್ಣು ಹೋಗುವುದು ಹಲ್ಲು, ಅಲಗುಗಳ ಕಡೆಗೆ. ನೀವು ಹಿಡಿಯನ್ನು ನೋಡಿ. ಮರ, ದಂತ, ಗೆರೆ ಕೊರೆದ ಅಲಂಕಾರ, ಮಖಮಲ್ಲು ಹೊದಿಸಿದ ಪೆಟ್ಟಿಗೆ ಕಂಡರೆ ಅದು ನಂಜಿನ ಜ್ಞಾನಕ್ಕೆ ಮುಂಚಿನ ಕಾಲದ್ದು. ಅಂಥ ಹಿಡಿಯ ಸಂದುಗಳಲ್ಲಿ ಹಿಂದಿನ ರೋಗಿಯ ರಕ್ತ ಒಣಗಿ ಉಳಿಯುತ್ತಿತ್ತು, ಮಖಮಲ್ಲು ಅದನ್ನು ಕಾಪಾಡಿಕೊಳ್ಳುತ್ತಿತ್ತು. ಕುದಿಸಿ ಶುಚಿ ಮಾಡುವ ಪದ್ಧತಿ ಬಂದ ಮೇಲೆ ಮರ, ದಂತ ತಡೆಯಲಾರದೆ ಹೋದವು. ಉಪಕರಣಗಳು ಪೂರ್ತಿ ಲೋಹವಾದವು. ಈ ಒಂದು ಗುರುತು ಹಿಡಿದುಕೊಂಡರೆ ಫಲಕ ಓದದೆಯೇ ಕಾಲವನ್ನು ಅಂದಾಜು ಮಾಡಬಹುದು.

ತಿರುಪಿನ ಟೂರ್ನಿಕೇಟನ್ನೂ ಹುಡುಕಿ. ಫ್ರಾನ್ಸಿನ ಜಾನ್ ಲೂಯಿ ಪೆಟಿ 1718ರಲ್ಲಿ ರೂಪಿಸಿದ ಸಾಧನ. ಪಟ್ಟಿ ಸುತ್ತಿ ತಿರುಪು ಬಿಗಿ ಮಾಡಿದರೆ ರಕ್ತನಾಳ ಒತ್ತಿಕೊಳ್ಳುತ್ತದೆ. ಕಾಲು ಕತ್ತರಿಸುವ ಕ್ರಮ ಇದರಿಂದಲೇ ಆರಂಭ. ಬಿಗಿದ ಮೇಲೆ ಚಾಕುವಿನಿಂದ ಮಾಂಸ ಕೊಯ್ದು, ಅದನ್ನು ಮೇಲಕ್ಕೆ ಎಳೆದು ಹಿಡಿದು, ಮೂಳೆಯನ್ನು ಗರಗಸದಿಂದ ಕತ್ತರಿಸಿ, ರಕ್ತನಾಳಗಳನ್ನು ಒಂದೊಂದಾಗಿ ದಾರದಿಂದ ಕಟ್ಟುವುದು. ಗರಗಸದ ಕೆಲಸ ಕ್ಷಣದ್ದು, ನಾಳ ಕಟ್ಟುವುದೇ ನಿಧಾನದ್ದು. ಇದನ್ನು ತಿಳಿದು ನೋಡಿದರೆ ಪೆಟ್ಟಿಗೆಯೊಳಗಿನ ಸಣ್ಣ ಕೊಕ್ಕೆ, ಚಿಮುಟಗಳು ಗರಗಸಕ್ಕಿಂತ ಹೆಚ್ಚು ಮಾತನಾಡುತ್ತವೆ.

ಹಂತ 8: ಅಫೀಮು ಕಾಯಿಯ ಬಳಿಗೆ ಮರಳಿ

ಇಳಿಯುವ ಮುನ್ನ ಮೂಲಿಕೆ ಅಟ್ಟಕ್ಕೆ ಮತ್ತೊಮ್ಮೆ ಬನ್ನಿ. ಕೊಠಡಿ ನೋಡಿದ ಮೇಲೆ ಒಂದು ಪ್ರಶ್ನೆ ಏಳಬೇಕು: ಕೆಲವೇ ಹೆಜ್ಜೆಗಳ ಅಂತರದಲ್ಲಿ ಅಫೀಮು ಇದ್ದರೂ ಅದನ್ನು ಕೊಟ್ಟು ರೋಗಿಯನ್ನು ಮಲಗಿಸಬಾರದಿತ್ತೇ? ಕಾಯಿಯಿಂದ ಕಾಯಿಗೆ ಸತ್ವದ ಪ್ರಮಾಣ ಬೇರೆ. ಚಾಕುವಿನ ನೋವು ಮುಚ್ಚುವಷ್ಟು ಕೊಟ್ಟರೆ ಉಸಿರೇ ನಿಲ್ಲುವ ಅಪಾಯ. ಕಡಿಮೆ ಕೊಟ್ಟರೆ ಮಂಪರು ಮಾತ್ರ. ಈಥರನ್ನಾದರೆ ಉಸಿರಿನ ಜೊತೆ ಕೊಡಬಹುದು, ಬೇಕೆಂದಾಗ ನಿಲ್ಲಿಸಬಹುದು. ಹಾಗಾಗಿ ಚಿಕಿತ್ಸೆ ಮುಗಿದ ಮೇಲೆ, ವಾರ್ಡಿನ ಉದ್ದನೆಯ ರಾತ್ರಿಗಳಲ್ಲಿ ಅಫೀಮು ನೆರವಾಯಿತು. ಮೇಜಿನ ಮೇಲೆ ಅಷ್ಟಾಗಿ ಅಲ್ಲ.

ಮಕ್ಕಳು, ತಲೆಸುತ್ತು, ಛಾಯಾಚಿತ್ರ

ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಆದರೆ ಹಿಂದಿನ ದಿನವೇ ಕುಳಿತು ಹೇಳಿ ತಯಾರು ಮಾಡಿ. ಭಯ ಹುಟ್ಟಿಸುವ ಕತೆಯಾಗಿ ಹೇಳಬೇಡಿ. ಆಗಿನವರು ತಮಗೆ ತಿಳಿದಷ್ಟರಲ್ಲಿ ಒಳ್ಳೆಯದನ್ನೇ ಮಾಡಲು ಹೆಣಗಿದರೆಂದು ಹೇಳಿ. ಮೂಲಿಕೆಗಳ ವಾಸನೆ ಗುರುತಿಸುವ ಆಟ ಅವರಿಗೆ ಹಿಡಿಸುತ್ತದೆ. ಇತ್ತೀಚೆಗೆ ಮನೆಯಲ್ಲಿ ಶಸ್ತ್ರಚಿಕಿತ್ಸೆ ಅಥವಾ ಸಾವು ಕಂಡವರು ಈ ಭೇಟಿಯನ್ನು ಮುಂದಕ್ಕೆ ಹಾಕುವುದೇ ಮೇಲು. ಪ್ರಾತ್ಯಕ್ಷಿಕೆ ನೋಡುವಾಗ ಕಣ್ಣು ಕತ್ತಲೆಯಾದರೆ ಸಂಕೋಚಪಡದೆ ಅಲ್ಲೇ ನೆಲದ ಮೇಲೆ ಕುಳಿತುಬಿಡಿ, ಸಿಬ್ಬಂದಿಗೆ ತಿಳಿಸಿ. ಫೋಟೋ ತೆಗೆಯುವ ಮುನ್ನ ಅವರನ್ನು ಕೇಳಿ.

ಇನ್ನೂ ಸಮಯವಿದ್ದರೆ

ಅದೇ ದಿನ ಇನ್ನೊಂದು ಸಂಗ್ರಹಾಲಯ ತುರುಕುವುದು ಬೇಡ. ಇನ್ನೊಂದು ದಿನ ಬಿಡುವು ಸಿಕ್ಕರೆ ಉಪಕರಣಗಳಲ್ಲಿ, ಅಂಗರಚನೆಯಲ್ಲಿ ಆಸಕ್ತಿ ಇರುವವರು ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿರುವ ಹಂಟೇರಿಯನ್ ಮ್ಯೂಸಿಯಂಗೆ ಹೋಗಿ. 2023ರಲ್ಲಿ ಮರುತೆರೆದ ಅದಕ್ಕೆ ಪ್ರವೇಶ ಉಚಿತ. ದಾದಿಯರ ಕತೆ ಬೇಕಾದವರಿಗೆ ಲ್ಯಾಂಬೆತ್‌ನ ಈಗಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸಂಗ್ರಹಾಲಯವಿದೆ. ನನ್ನ ಮನಸ್ಸು ವಾಲುವುದು ಚೆಲ್ಸಿ ಫಿಸಿಕ್ ಗಾರ್ಡನ್ ಕಡೆಗೆ. ಅಪೊತಿಕರಿಗಳ ಸಂಘ ತನ್ನ ಶಿಷ್ಯರಿಗೆ ಗಿಡ ಗುರುತಿಸಲು ಕಲಿಸಲೆಂದು 1673ರಲ್ಲಿ ನೆಟ್ಟ ತೋಟ ಅದು. ಬೇಸಿಗೆಯಲ್ಲಿ ಹೋಗಿ: ಅಟ್ಟದಲ್ಲಿ ಒಣಗಿ ಮುದುಡಿದ್ದ ಮೂಲಿಕೆಗಳ ಬಳಗವನ್ನು ಅಲ್ಲಿ ಹಸಿರಾಗಿ, ಬಿಸಿಲಿನಲ್ಲಿ ನಿಂತಿರುವಂತೆ ನೋಡಬಹುದು.